ಚಳಿ ದೇಶದಲ್ಲಿ ಮಿಷನ್ ಸೇವೆ: ಮಲೆನಾಡಿನಿಂದ ಹೊರಡುವ ಯುವಜನರಿಗೆ ಒಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಜರ್ಮನಿಗೆ ಸೇವೆಗೆ ಹೊರಡುವ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಅಲ್ಲಿನ ಚಳಿ ತಡೆಯೋಕಾಗುತ್ತಾ?" ಆಗುತ್ತೆ. ಚಳಿಗೆ ಬಟ್ಟೆ ಇದೆ, ಹೀಟರ್ ಇದೆ, ಬಿಸಿ ಸೂಪ್ ಇದೆ. ನಿಜವಾಗಿ ಕಷ್ಟ ಕೊಡುವುದು ಕತ್ತಲೆ. ಡಿಸೆಂಬರ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಸೂರ್ಯ ಹುಟ್ಟುವಾಗ ಬೆಳಿಗ್ಗೆ 8 ಗಂಟೆ. ಸಂಜೆ 4.20ರ ಹೊತ್ತಿಗೆ ಮುಳುಗಿ ಆಯಿತು. ಬರ್ಲಿನ್‌ನಲ್ಲಿ 4 ಗಂಟೆಗೂ ಮುಂಚೆಯೇ ಮುಳುಗುತ್ತದೆ. ಮಧ್ಯದ ಆ ಎಂಟು ಗಂಟೆಯಲ್ಲೂ ಎಷ್ಟೋ ದಿನ ಬರೀ ಮೋಡ.

ಪುನರ್ವಸುವಿನಿಂದ ಆಶ್ಲೇಷಾ ತನಕ ಬಿಸಿಲೇ ಕಾಣದೆ ಮಳೆಗಾಲ ಕಳೆಯುವ ನಮ್ಮ ಆಗುಂಬೆ, ಹೊಸನಗರ ಕಡೆಯವರಿಗೆ ಇದು ಪೂರ್ತಿ ಹೊಸದಲ್ಲ. ಮಳೆ ಹಿಡಿಯುವ ಮುಂಚೆ ಸೌದೆ ಒಟ್ಟಿ, ಹಪ್ಪಳ ಒಣಗಿಸಿ, ಉಪ್ಪಿನಕಾಯಿ ಹಾಕಿಟ್ಟು ತಯಾರಾಗುತ್ತೇವೆ ಅಲ್ವಾ? ಅಲ್ಲಿನ ಚಳಿಗಾಲಕ್ಕೂ ಅದೇ ಥರದ ತಯಾರಿ ಬೇಕು. ಬವೇರಿಯಾದ ಒಂದು ಸಣ್ಣ ಊರಿನಲ್ಲಿ, ಚರ್ಚ್ ನಡೆಸುವ ವೃದ್ಧರ ಮನೆಯಲ್ಲಿ ನಾನು ಸೇವೆ ಮಾಡಿದ್ದೇನೆ. ಈಗ ಹೊರಡುವವರಿಗೆ ಶಿವಮೊಗ್ಗದಲ್ಲಿ ತಯಾರಿ ಹೇಳಿಕೊಡುತ್ತೇನೆ. ಹಾಗಾಗಿ ಇಲ್ಲಿ ಬರೆಯುವುದು ಹೆಚ್ಚಾಗಿ ಕಥೋಲಿಕ ಧರ್ಮಕೇಂದ್ರ ಮತ್ತು ಜರ್ಮನಿಯ ಮಾತು. ಬೇರೆ ಸಭೆಯವರಿಗೂ, ಪಕ್ಕದ ಆಸ್ಟ್ರಿಯಾಕ್ಕೆ ಹೋಗುವವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರುತ್ತದೆ.

ಹೊರಡುವ ಮುಂಚೆ: ಕಾಗದಪತ್ರ

ನಿಮ್ಮ ಧರ್ಮಕೇಂದ್ರದ ಗುರುಗಳ ಮೂಲಕ, ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಮೂಲಕವೇ ಹೋಗಿ. ಶಿವಮೊಗ್ಗ ಧರ್ಮಪ್ರಾಂತ್ಯ ಆಗಿದ್ದು 1988ರಲ್ಲಿ. ಅಲ್ಲಿಂದ ಒಂದು ಪತ್ರ ಕೈಯಲ್ಲಿದ್ದರೆ ಅಲ್ಲಿಯವರಿಗೂ ನೀವು ಯಾರು, ಯಾರ ಮಕ್ಕಳು ಅನ್ನುವುದು ಗೊತ್ತಾಗುತ್ತದೆ. "ಸೇವೆ" ಅಂತ ಹೇಳಿ ದುಡ್ಡು ಕೇಳುವ ಏಜೆಂಟ್ ಎದುರಾದರೆ ಅಲ್ಲೇ ನಿಲ್ಲಿಸಿ. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ, ಅವರು ಎಷ್ಟೇ ದೊಡ್ಡವರಾಗಿರಲಿ.

ಪ್ರವಾಸಿ ವೀಸಾದಲ್ಲಿ ಹೋಗಿ ಸೇವೆ ಮಾಡುವಂತಿಲ್ಲ. ಜರ್ಮನಿಯಲ್ಲಿ 27 ವರ್ಷದೊಳಗಿನವರಿಗೆ ಸ್ವಯಂಸೇವಾ ವರ್ಷ ಎನ್ನುವ ಕಾನೂನುಬದ್ಧ ವ್ಯವಸ್ಥೆ ಇದೆ. ಸಾಮಾನ್ಯವಾಗಿ 12 ತಿಂಗಳು, ಹೆಚ್ಚೆಂದರೆ 18. ಕೈಖರ್ಚಿಗೆ ಒಂದಿಷ್ಟು ಹಣ ಮತ್ತು ಆರೋಗ್ಯ ವಿಮೆ ಇರುತ್ತದೆ, ಎಷ್ಟೋ ಕಡೆ ಊಟ ವಸತಿಯೂ ಸೇರಿರುತ್ತದೆ. ಒಪ್ಪಂದದಲ್ಲಿ ವಾರಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ರಜೆ, ಯಾರು ನಿಮ್ಮ ಮಾರ್ಗದರ್ಶಕರು ಎನ್ನುವುದು ಬರೆದಿರಲೇಬೇಕು. ಮನೆಗೆ ದುಡ್ಡು ಕಳಿಸುತ್ತೇನೆ ಎಂದು ಅಮ್ಮನಿಗೆ ಮಾತು ಕೊಡಬೇಡಿ. ಆ ಕೈಖರ್ಚು ನಿಮ್ಮ ಕೈಖರ್ಚಿಗೇ ಸರಿಹೋಗುತ್ತದೆ.

ಭಾಷೆಗೆ ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳಿ. ಇದರ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆದು ಸರ್ಟಿಫಿಕೇಟ್ ತೆಗೆದುಕೊಂಡರೆ ವೀಸಾಕ್ಕೆ ಸಾಕಾಗಬಹುದು, ವೃದ್ಧರ ಜೊತೆ ಕೂತು ಮಾತಾಡೋಕೆ ಸಾಲದು. "ಎಲ್ಲಿ ನೋವು?", "ಸ್ವಲ್ಪ ನೀರು ಕೊಡಲಾ?", "ನಾಳೆ ಮತ್ತೆ ಬರ್ತೀನಿ" ಇಂಥ ಮಾತುಗಳನ್ನು ಬಾಯಿಗೆ ಬರುವಷ್ಟು ರೂಢಿ ಮಾಡಿಕೊಳ್ಳಿ. 1853ರಲ್ಲಿ ಬಾಸೆಲ್ ಮಿಷನ್ನಿಂದ ಬಂದ ಕಿಟೆಲ್ ಜರ್ಮನಿಯವರು. ನಮ್ಮ ಭಾಷೆಗಾಗಿ ದಶಕಗಟ್ಟಲೆ ದುಡಿದು 1894ರಲ್ಲಿ ನಿಘಂಟನ್ನೇ ಕೊಟ್ಟರು. ಕನ್ನಡದ ಮೊದಲ ಪತ್ರಿಕೆ ಶುರು ಮಾಡಿದ ಮೋಗ್ಲಿಂಗ್ ಕೂಡ ಆ ದೇಶದವರೇ. ಅವರ ಊರಿಗೆ ಹೊರಟ ನಾವು ಆರು ತಿಂಗಳು ಕೂತು ಕಲಿಯುವುದು ಏನೂ ದೊಡ್ಡದಲ್ಲ. ಅಲ್ಲಿ ಯಾರಾದರೂ "ನಿಮ್ಮ ಭಾಷೆ ಯಾವುದು?" ಎಂದಾಗ ಈ ಇಬ್ಬರ ವಿಷಯ ಹೇಳಿ. ಜರ್ಮನ್ನರಿಗೇ ಇದು ಗೊತ್ತಿರುವುದಿಲ್ಲ, ಕಿವಿ ನಿಮಿರಿಸಿ ಕೇಳುತ್ತಾರೆ.

ಸೂಟ್‌ಕೇಸಿಗೆ ಏನು ಹಾಕಬೇಕು

ದಪ್ಪ ಸ್ವೆಟರ್‌ಗಳನ್ನು ಇಲ್ಲಿಂದ ಹೊರಬೇಡಿ. ಇಲ್ಲಿ ಸಿಗುವ ಸ್ವೆಟರ್ ಶಿವಮೊಗ್ಗದ ಚಳಿಗೆ ಸಾಕು, ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಗೆ ಅಲ್ಲ. ಎರಡು ಜೊತೆ ಥರ್ಮಲ್ ಒಳಬಟ್ಟೆ, ಒಂದು ಟೋಪಿ ಇದ್ದರೆ ಇಳಿದ ದಿನಕ್ಕೆ ಸಾಕು. ಕೋಟು, ಬೂಟು ಅಲ್ಲೇ ತೆಗೆದುಕೊಳ್ಳಿ. ಕಥೋಲಿಕರ ಕಾರಿತಾಸ್ ಸಂಸ್ಥೆ ಊರೂರಲ್ಲಿ ನಡೆಸುವ ಹಳೇ ಬಟ್ಟೆಯ ಅಂಗಡಿಗಳಲ್ಲಿ ಒಳ್ಳೆಯ ಉಣ್ಣೆ ಕೋಟು ಬಹಳ ಕಮ್ಮಿ ಬೆಲೆಗೆ ಸಿಗುತ್ತದೆ. ಬೂಟನ್ನು ಮಾತ್ರ ಹೊಸದೇ ಕೊಳ್ಳಿ. ಬೇರೆಯವರ ಕಾಲಿಗೆ ಹೊಂದಿಕೊಂಡ ಬೂಟು ನಿಮ್ಮ ಕಾಲನ್ನು ಹಾಳು ಮಾಡುತ್ತದೆ. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡುವಷ್ಟು ಜಾಗ ಇರಬೇಕು, ಅಡಿಯಲ್ಲಿ ಆಳವಾದ ಗೀರುಗಳಿರಬೇಕು.

ತಿಂಡಿ ವಿಷಯ. ತುಪ್ಪ, ಪೇಡ, ಖೋವಾದ ಸಿಹಿ ಬೇಡವೇ ಬೇಡ. ಹೊರದೇಶದ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಯೂರೋಪಿಯನ್ ಒಕ್ಕೂಟ ಒಳಗೆ ಬಿಡುವುದಿಲ್ಲ. ಅಮ್ಮ ಕಾಯಿಸಿದ ತುಪ್ಪ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹೋಗುವುದು ನೋಡೋಕಾಗಲ್ಲ. ಕಾಳುಮೆಣಸು, ಏಲಕ್ಕಿ, ಕಷಾಯದ ಪುಡಿ, ಸಾರಿನ ಪುಡಿ ಧಾರಾಳವಾಗಿ ತೆಗೆದುಕೊಂಡು ಹೋಗಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎರಡು ಮೂರು ಕವರ್ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲೇ ಇಡಿ. ತೆಂಗಿನೆಣ್ಣೆಯನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗಿಬಿಡುತ್ತದೆ, ಸಣ್ಣ ಬಾಯಿಯ ಬಾಟಲಿಯಿಂದ ಹೊರಗೆ ಬರುವುದೇ ಇಲ್ಲ. ನಿಮ್ಮ ಜಪಸರ ಮತ್ತು ಕನ್ನಡ ಬೈಬಲ್ ಕೈಚೀಲದಲ್ಲಿರಲಿ. ಮೊಬೈಲಿನಲ್ಲಿ ಬೈಬಲ್ ಇದೆ ಎನ್ನಬಹುದು. ಚಳಿಯಲ್ಲಿ ಹೊರಗಿದ್ದರೆ ಮೊಬೈಲ್ ಬ್ಯಾಟರಿ ಬೇಗ ಇಳಿದುಬಿಡುತ್ತದೆ, ಪುಸ್ತಕಕ್ಕೆ ಆ ತೊಂದರೆ ಇಲ್ಲ.

ಇಳಿದ ಮೊದಲ ಎರಡು ವಾರ

ಮನೆ ಸೇರಿದ 14 ದಿನದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಆ ಫಾರಂನಲ್ಲಿ ಧರ್ಮ ಯಾವುದು ಎಂದೂ ಕೇಳುತ್ತಾರೆ. ಕಥೋಲಿಕ ಎಂದು ಬರೆದರೆ, ಮುಂದೆ ಎಂದಾದರೂ ನಿಮಗೆ ಆದಾಯ ತೆರಿಗೆ ಬಿದ್ದಾಗ ಆ ತೆರಿಗೆಯ ಶೇ 8 ಅಥವಾ 9ರಷ್ಟು ಚರ್ಚ್ ತೆರಿಗೆಯೂ ಸೇರುತ್ತದೆ. ಬವೇರಿಯಾದಲ್ಲಿ ಶೇ 8. ಇದನ್ನು ತಿಳಿದು ಬರೆಯಿರಿ, ಹೆದರಿ ಸುಳ್ಳು ಬರೆಯಬೇಡಿ. ಈ ತೆರಿಗೆ ಬೇಡ ಎಂದು ಅಧಿಕೃತವಾಗಿ ಚರ್ಚ್ ಬಿಟ್ಟವರನ್ನೂ ನೀವು ಅಲ್ಲಿ ನೋಡುತ್ತೀರಿ. ಅವರ ಜೊತೆ ವಾದಕ್ಕೆ ಇಳಿಯುವುದು ನಿಮ್ಮ ಕೆಲಸ ಅಲ್ಲ.

ಎರಡು ನಂಬರ್ ಗೋಡೆಗೆ ಅಂಟಿಸಿಕೊಳ್ಳಿ: ಜೀವಕ್ಕೆ ಅಪಾಯ ಎಂದರೆ 112. ರಾತ್ರಿ ಹೊತ್ತು ಜ್ವರ, ಹೊಟ್ಟೆನೋವು ಬಂದು ಡಾಕ್ಟರ್ ಬೇಕಾದರೆ 116117.

ರೂಮನ್ನು ಬೆಚ್ಚಗೆ ಇಟ್ಟುಕೊಳ್ಳುವುದು

ಕಿಟಕಿ ಕೆಳಗೆ ಬಿಳಿ ಕಬ್ಬಿಣದ ರೇಡಿಯೇಟರ್ ಇರುತ್ತದೆ, ಅದರ ತಿರುಗಣೆಯ ಮೇಲೆ 1ರಿಂದ 5ರ ತನಕ ಅಂಕಿ. 3ಕ್ಕೆ ಇಟ್ಟರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ರೂಮು ಬೇಗ ಬಿಸಿಯಾಗುವುದಿಲ್ಲ, ಜಾಸ್ತಿ ಬಿಸಿಯಾಗುತ್ತದೆ ಅಷ್ಟೇ. ಹೊರಗೆ ಹೋಗುವಾಗ ಪೂರ್ತಿ ಆರಿಸಬೇಡಿ, ಸ್ವಲ್ಪ ಇಳಿಸಿ.

ಚಳಿ ಎಂದು ಕಿಟಕಿ ಮುಚ್ಚಿಯೇ ಇಟ್ಟರೆ ಗೋಡೆ ಮೂಲೆಯಲ್ಲಿ ಬೂಸ್ಟು ಬರುತ್ತದೆ. ಮಳೆಗಾಲದ ಬೂಸ್ಟು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಹೀಟರ್ ಇಳಿಸಿ, ಕಿಟಕಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಟ್ಟು ಮುಚ್ಚಿ. ಅರ್ಧ ಓರೆ ಮಾಡಿ ಗಂಟೆಗಟ್ಟಲೆ ಬಿಡಬೇಡಿ, ಗೋಡೆ ತಣ್ಣಗಾಗಿ ತೇವ ಅಲ್ಲೇ ಕೂರುತ್ತದೆ. ಒದ್ದೆ ಬಟ್ಟೆಯನ್ನು ಮನೆಯ ಲಾಂಡ್ರಿ ಕೋಣೆಯಲ್ಲಿ ಒಣಗಿಸಿ. ಸುಡುಸುಡು ಹಂಡೆ ನೀರಿನ ಅಭ್ಯಾಸ ಅಲ್ಲಿ ಬೇಡ. ಹೀಟರ್ ಗಾಳಿ ಮೊದಲೇ ಒಣ, ಅದರ ಮೇಲೆ ಬಿಸಿ ನೀರು ಬಿದ್ದರೆ ಚರ್ಮ ಬಿರುಕು ಬಿಡುತ್ತದೆ. ಉಗುರುಬೆಚ್ಚಗಿನ ನೀರು, ಚುಟುಕು ಸ್ನಾನ, ಮೈ ಒರೆಸಿಕೊಂಡ ತಕ್ಷಣ ಎಣ್ಣೆ ಅಥವಾ ಕ್ರೀಮು.

ಬೆಳಿಗ್ಗೆ: ಪ್ರಾರ್ಥನೆ, ಆಮೇಲೆ ಹಿಮ

ಏಳುವ ಹೊತ್ತು ಒಂದೇ ಇರಲಿ, ರಜೆ ದಿನವೂ. ಹೊರಗೆ ಕಪ್ಪಗಿರುವಾಗ ದೇಹಕ್ಕೆ ಬೆಳಗಾಯಿತು ಎಂದು ತಾನಾಗೇ ತಿಳಿಯುವುದಿಲ್ಲ, ನೀವೇ ಹೇಳಬೇಕು. ಎದ್ದ ಕೂಡಲೆ ಎಲ್ಲ ದೀಪ ಹಾಕಿ, ಮುಖ ತೊಳೆದು, ಕಷಾಯ ಕುಡಿದು, ಆಮೇಲೆ ಪ್ರಾರ್ಥನೆಗೆ ಕೂರಿ. ಹಾಸಿಗೆಯಲ್ಲೇ ಕಂಬಳಿ ಹೊದ್ದು ಪ್ರಾರ್ಥನೆ ಮಾಡುತ್ತೇನೆ ಎಂದವರು ಯಾರೂ ಎರಡನೇ ಕೀರ್ತನೆ ದಾಟುವುದಿಲ್ಲ. ಕನ್ಯಾಮಠದ ಸಿಸ್ಟರುಗಳು ಹತ್ತಿರ ಇದ್ದರೆ ಅವರ ಬೆಳಗಿನ ಪ್ರಾರ್ಥನೆಗೆ ಸೇರಿಕೊಳ್ಳಿ. ಮೊದಲ ತಿಂಗಳು ಅರ್ಥವಾಗದಿದ್ದರೂ ಕೀರ್ತನೆಗಳ ಲಯದಿಂದಲೇ ಜರ್ಮನ್ ನಾಲಿಗೆಗೆ ಹತ್ತುತ್ತದೆ. ವೈಯಕ್ತಿಕ ಪ್ರಾರ್ಥನೆ ಮಾತ್ರ ಕನ್ನಡದಲ್ಲೇ, ಕೊಂಕಣಿಯಲ್ಲೇ ಮಾಡಿ. ದೇವರ ಜೊತೆಗೂ ವ್ಯಾಕರಣ ನೋಡಿಕೊಂಡು ಮಾತಾಡಬೇಕಾದರೆ ಬೇಗ ದಣಿಯುತ್ತೀರಿ.

ಹಿಮ ಬಿದ್ದ ದಿನ ಮೊದಲ ಸೇವೆ ಕಾಲುದಾರಿ ಗುಡಿಸುವುದು. ತಮ್ಮ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯುವುದು ಅಲ್ಲಿ ಮನೆಯವರ ಜವಾಬ್ದಾರಿ, ಬಹಳ ಊರುಗಳಲ್ಲಿ ಬೆಳಿಗ್ಗೆ 7ರೊಳಗೆ ಆಗಬೇಕು. ಯಾರಾದರೂ ಜಾರಿ ಬಿದ್ದರೆ ಆ ಮನೆಯವರೇ ಉತ್ತರ ಕೊಡಬೇಕು. ಚರ್ಚಿನ ಮುಂದೆ, ವೃದ್ಧರ ಮನೆ ಮುಂದೆ ಈ ಕೆಲಸ ಹುಡುಗರ ಪಾಲಿಗೆ ಬರುತ್ತದೆ.

ಮಾಡುವ ಕ್ರಮ ಹೀಗೆ. ಹೊಸ ಹಿಮ ಹಗುರ ಇರುತ್ತದೆ, ಪೊರಕೆಯಲ್ಲೇ ಹೋಗುತ್ತದೆ. ಜನ ತುಳಿದು ಗಟ್ಟಿಯಾದ ಮೇಲೆ ಕಲ್ಲಿನಂತಾಗುತ್ತದೆ, ಆದ್ದರಿಂದ ಯಾರೂ ಓಡಾಡುವ ಮುಂಚೆ ಇಳಿಯಿರಿ. ಅಗಲ ಸಲಿಕೆಯನ್ನು ನೆಲಕ್ಕೆ ಒತ್ತಿ ಮುಂದಕ್ಕೆ ತಳ್ಳಿ, ಎತ್ತಿ ಎಸೆಯಲು ಹೋಗಬೇಡಿ. ಒದ್ದೆ ಹಿಮ ಎತ್ತಿದರೆ ಸೊಂಟ ಹಿಡಿಯುತ್ತದೆ. ರಾಶಿಯನ್ನು ಚರಂಡಿ ಬಾಯಿಗೆ, ಸೈಕಲ್ ದಾರಿಗೆ ಹಾಕಬೇಡಿ. ಇಬ್ಬರು ಎದುರುಬದುರು ದಾಟುವಷ್ಟು ಅಗಲ ಆದ ಮೇಲೆ ಸಣ್ಣ ಜಲ್ಲಿಪುಡಿ ಎರಚಿ. ಎಷ್ಟೋ ಊರುಗಳಲ್ಲಿ ಮನೆಯವರು ಉಪ್ಪು ಹಾಕುವುದಕ್ಕೆ ಅನುಮತಿ ಇಲ್ಲ, ಮರಗಳ ಬೇರಿಗೆ ಕೆಟ್ಟದ್ದು. ಐದು ನಿಮಿಷದಲ್ಲಿ ಮೈ ಬೆವರುತ್ತದೆ. ಆಗ ಕೋಟಿನ ಜಿಪ್ ಸ್ವಲ್ಪ ಬಿಚ್ಚಿ, ಟೋಪಿ ತೆಗೆಯಬೇಡಿ. ಕೆಲಸ ಮುಗಿದ ಕೂಡಲೆ ಒಳಬಟ್ಟೆ ಬದಲಾಯಿಸಿ. ಬೆವರಿದ ಬಟ್ಟೆಯಲ್ಲಿ ಕೂತರೆ ಮೈ ಬೇಗ ತಣ್ಣಗಾಗುತ್ತದೆ.

ಮೈಗೆ ತಾಗುವ ಪದರ ಹತ್ತಿಯದ್ದಾಗಿರಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ. ಒಳಗೆ ಥರ್ಮಲ್ ಅಥವಾ ತೆಳು ಉಣ್ಣೆ, ಮಧ್ಯೆ ಸ್ವೆಟರ್, ಮೇಲೆ ಗಾಳಿ ತಡೆಯುವ ಕೋಟು. ಬೆರಳು ಮರಗಟ್ಟಿದರೆ ಬಿಸಿ ನೀರಿಗೆ ಅದ್ದಬೇಡಿ, ಉಜ್ಜಲೂ ಬೇಡಿ. ಕಂಕುಳಲ್ಲಿಟ್ಟು ನಿಧಾನ ಬೆಚ್ಚಗೆ ಮಾಡಿ. ಬೆರಳು ಬಿಳಿಚಿ ಸ್ಪರ್ಶವೇ ತಿಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯ ಮೇಲೆ ನಡೆಯುವಾಗ ಕೈ ಜೇಬಿನಿಂದ ಹೊರಗಿರಲಿ. ಸಣ್ಣ ಹೆಜ್ಜೆ, ಇಡೀ ಪಾದ ಒಟ್ಟಿಗೆ ಊರಬೇಕು. ಕೋಟಿನ ತೋಳಿಗೆ ಹೊಳೆಯುವ ಪಟ್ಟಿ ಹಚ್ಚಿಕೊಳ್ಳಿ. ಸಂಜೆ 5ಕ್ಕೆ ಕಪ್ಪು ಕೋಟು ಹಾಕಿದವರು ಕಾರಿನವರಿಗೆ ಕಾಣುವುದಿಲ್ಲ.

ಮಧ್ಯಾಹ್ನದ ಬೆಳಕು ಬಿಡಬೇಡಿ

ಊಟ ಆದ ಮೇಲೆ, 12ರಿಂದ 2ರ ನಡುವೆ, ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡ ಇದ್ದರೂ, ಹಿಮ ಬೀಳುತ್ತಿದ್ದರೂ ಹೋಗಿ. ನಾನು ಹೇಳುವ ಎಲ್ಲದರಲ್ಲಿ ಒಂದನ್ನೇ ಪಾಲಿಸುತ್ತೀರಿ ಎಂದರೆ ಇದನ್ನು ಪಾಲಿಸಿ. ನಿದ್ದೆ, ಹಸಿವು, ಮನಸ್ಸು ಮೂರೂ ಆ ಬೆಳಕಿನ ಮೇಲೆ ನಿಂತಿವೆ. ಚಳಿಗಾಲದ ಓರೆ ಬಿಸಿಲಿನಿಂದ ದೇಹಕ್ಕೆ ವಿಟಮಿನ್ ಡಿ ಮಾತ್ರ ಸಾಕಷ್ಟು ಸಿಗುವುದಿಲ್ಲ. ಅದಕ್ಕೆ ಅಕ್ಟೋಬರಿನಲ್ಲೇ ಡಾಕ್ಟರನ್ನು ಕೇಳಿ, ನೀವೇ ಅಂದಾಜಿನಲ್ಲಿ ಮಾತ್ರೆ ನುಂಗಬೇಡಿ.

ಮನೆಗೆ ಫೋನ್ ಮಾಡುವುದಕ್ಕೂ ಇದೇ ಹೊತ್ತು ಸರಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಮಾರ್ಚ್ ಕೊನೆಯ ತನಕ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಲ್ಲಿ ಮಧ್ಯಾಹ್ನ 1 ಎಂದರೆ ಮನೆಯಲ್ಲಿ ಸಂಜೆ 5.30, ಅಪ್ಪ ತೋಟದಿಂದ ಬಂದು ಕಾಫಿ ಕುಡಿಯುವ ಹೊತ್ತು. ನೀವು ರಾತ್ರಿ 8ಕ್ಕೆ ಬೇಜಾರಾಗಿ ಫೋನ್ ಮಾಡಿದರೆ ಮನೆಯಲ್ಲಿ ಮಧ್ಯರಾತ್ರಿ 12.30. ಅಮ್ಮ ಗಾಬರಿಯಾಗುತ್ತಾರೆ. ಫೋನಿಗೆ ವಾರದಲ್ಲಿ ಎರಡು ದಿನ ಗೊತ್ತು ಮಾಡಿಕೊಳ್ಳಿ. ದಿನಾ ವಿಡಿಯೋ ಕಾಲ್ ಮಾಡುವವರ ಮನಸ್ಸು ಅಲ್ಲಿ ನೆಲೆ ನಿಲ್ಲುವುದಿಲ್ಲ.

ಹಿರಿಯರ ಭೇಟಿ: ಸೇವೆಯ ತಿರುಳು

ಮಿಷನರಿ ಎಂದರೆ ನಿಂತು ಬೋಧನೆ ಮಾಡುವವರು ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅಲ್ಲಿ ನಿಮಗೆ ಸಿಗುವ ಕೆಲಸದಲ್ಲಿ ಮುಕ್ಕಾಲು ಪಾಲು ಕೂರುವುದು, ಕೇಳುವುದು, ಕೈ ಹಿಡಿಯುವುದು. ಚಳಿಗಾಲದಲ್ಲಿ ವಯಸ್ಸಾದವರು ಜಾರಿ ಬೀಳುವ ಹೆದರಿಕೆಗೆ ವಾರಗಟ್ಟಲೆ ಹೊರಗೆ ಬರುವುದಿಲ್ಲ. ಆ ವಾರದಲ್ಲಿ ಅವರ ಬಾಗಿಲು ತಟ್ಟುವವರು ನೀವೊಬ್ಬರೇ ಇರಬಹುದು.

ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. 3 ಎಂದರೆ 3. ಹತ್ತು ನಿಮಿಷ ತಡವಾದರೆ ಆ ಹತ್ತು ನಿಮಿಷವೂ ಅವರು ಕಿಟಕಿಯಲ್ಲಿ ನಿಂತಿರುತ್ತಾರೆ. ಬಾಗಿಲಲ್ಲಿ ಬೂಟು ತೆಗೆಯಬೇಕಾ ಎಂದು ಕೇಳಿ, ಕಾಲುಚೀಲ ತೂತಿಲ್ಲದ್ದಿರಲಿ. ನಮ್ಮಲ್ಲಿ ವಯಸ್ಸಾದವರನ್ನೆಲ್ಲ ಪ್ರೀತಿಯಿಂದ ಅಜ್ಜ, ಅಜ್ಜಿ ಎನ್ನುತ್ತೇವೆ, ಅಲ್ಲಿ ಹಾಗೆ ಕರೆದರೆ ಅಗೌರವ. ಅವರ ಮನೆತನದ ಹೆಸರು ಹಿಡಿದು "ಹೆರ್", "ಫ್ರಾವ್" (ನಮ್ಮ ಶ್ರೀ, ಶ್ರೀಮತಿ ಇದ್ದ ಹಾಗೆ) ಸೇರಿಸಿ, ಬಹುವಚನದಲ್ಲೇ ಮಾತಾಡಿ. ಅವರಾಗಿ ಸಲಿಗೆ ಕೊಟ್ಟ ಮೇಲಷ್ಟೇ ಬದಲಾಯಿಸಿ.

ನಿಮ್ಮ ಕೈ ತಣ್ಣಗಿರುತ್ತದೆ. ಕೈ ಕುಲುಕುವ ಮುಂಚೆ, ಹಾಸಿಗೆಯಲ್ಲಿರುವವರನ್ನು ಮುಟ್ಟುವ ಮುಂಚೆ, ಕೈ ತೊಳೆದು ಬೆಚ್ಚಗೆ ಮಾಡಿಕೊಳ್ಳಿ. ಕುರ್ಚಿಯನ್ನು ಅವರ ಕಣ್ಣಿನ ಮಟ್ಟಕ್ಕೆ, ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಎಳೆದುಕೊಳ್ಳಿ. ಕೋಟು ತೆಗೆದು ಕೂರಿ. ಕೋಟು ಹಾಕಿಕೊಂಡೇ ಕೂತರೆ "ಈಗಲೇ ಹೊರಟೆ" ಎಂದ ಹಾಗೆ ಕಾಣುತ್ತದೆ. ಕಾಫಿ ಮತ್ತು ಕೇಕ್ ಬರುತ್ತದೆ, ಬೇಡ ಎನ್ನಬೇಡಿ. ನಡುಗುವ ಕೈಯಲ್ಲಿ ಅವರೇ ಬಗ್ಗಿಸಲಿ, ಚೆಲ್ಲಿದರೆ ಒರೆಸಿದರಾಯಿತು. ಅವರ ಕೈಯಿಂದ ಪಾತ್ರೆ ಕಸಿದುಕೊಂಡು ನೀವೇ ಬಗ್ಗಿಸಿದರೆ, ಅವರು ಇನ್ನೂ ಮಾಡಬಲ್ಲ ಒಂದು ಕೆಲಸವನ್ನು ತೆಗೆದುಬಿಟ್ಟಂತೆ.

ಮಾತು ನಿಂತುಹೋದಾಗ ಗಾಬರಿಪಟ್ಟು ಏನೋ ಒಂದು ಮಾತಾಡಬೇಡಿ. ಸುಮ್ನೆ ಕೂರಿ. ಗೋಡೆಯ ಮೇಲೆ ಫೋಟೋ ಇರುತ್ತದೆ, "ಇವರು ಯಾರು?" ಎಂದು ಕೇಳಿದರೆ ಒಂದು ಗಂಟೆಯ ಕಥೆ ಬಿಚ್ಚಿಕೊಳ್ಳುತ್ತದೆ. ಪ್ರಾರ್ಥನೆ ಮಾಡಲಾ ಎಂದು ಒಂದು ಸಲ ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ, ಮುಂದಿನ ವಾರವೂ ಅದೇ ಪ್ರೀತಿಯಿಂದ ಹೋಗಿ. ಹೂಂ ಎಂದರೆ ಚಿಕ್ಕದಾಗಿ, ಅವರಿಗೆ ಬಾಯಿಪಾಠ ಇರುವ "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆಯನ್ನು ಜರ್ಮನ್‌ನಲ್ಲಿ ನಿಧಾನವಾಗಿ ಹೇಳಿ. ಮರೆವಿನ ಕಾಯಿಲೆ ಇರುವವರು ಮಗಳ ಹೆಸರು ಮರೆತಿದ್ದರೂ ಈ ಪ್ರಾರ್ಥನೆಗೆ ತುಟಿ ಆಡಿಸುವುದನ್ನು ನೀವು ನೋಡುತ್ತೀರಿ. ಹೊರಡುವ ಮುಂಚೆ ಮುಂದಿನ ಭೇಟಿ ಯಾವ ದಿನ ಎಂದು ಅವರ ಕ್ಯಾಲೆಂಡರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಅವರು ಹೇಳಿದ್ದು ಅಲ್ಲೇ ಇರಬೇಕು. ಅವರ ಒಪ್ಪಿಗೆ ಇಲ್ಲದೆ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ತಪ್ಪು, ಅಲ್ಲಿ ಕಾನೂನಿಗೂ ವಿರುದ್ಧ. ಮನೆ ತಣ್ಣಗಿದೆ, ಫ್ರಿಜ್ ಖಾಲಿ ಇದೆ, ಮೈಮೇಲೆ ಬಿದ್ದ ಗಾಯ ಇದೆ ಎಂದು ಕಂಡರೆ ಮಾತ್ರ ಅದೇ ದಿನ ನಿಮ್ಮ ಮಾರ್ಗದರ್ಶಕರಿಗೆ ಹೇಳಿ.

ಸಂಜೆ

ಸಂಜೆ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಇದ್ದರೆ ಹೋಗಿ, ಕೋಟು ತೆಗೆಯಬೇಡಿ. ಹಳೆಯ ಕಲ್ಲಿನ ಚರ್ಚುಗಳು ಚಳಿಗಾಲ ಪೂರ್ತಿ ತಣ್ಣಗೇ ಇರುತ್ತವೆ. ರಾತ್ರಿ ಊಟ ಎಂದರೆ ಅಲ್ಲಿ ಬ್ರೆಡ್ಡು, ಚೀಸು, 6 ಗಂಟೆಗೇ. ರಜೆ ದಿನ ಅಡಿಗೆಮನೆ ಕೇಳಿಕೊಂಡು ಅನ್ನ, ಮೆಣಸಿನ ಸಾರು ಮಾಡಿ, ಇನ್ನೊಂದಿಬ್ಬರನ್ನು ಊಟಕ್ಕೆ ಕರೆಯಿರಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ. ಮಲಗುವ ಒಂದು ಗಂಟೆ ಮುಂಚೆ ಮೊಬೈಲ್ ದೂರ ಇಡಿ.

ಹಬ್ಬಗಳ ಕಾಲ

ನವೆಂಬರ್ 11ಕ್ಕೆ ಸಂತ ಮಾರ್ಟಿನ್ ಹಬ್ಬ, ಮಕ್ಕಳು ಕಾಗದದ ಲಾಟೀನು ಹಿಡಿದು ಮೆರವಣಿಗೆ ಹೋಗುತ್ತಾರೆ. ಆಮೇಲೆ ಕ್ರಿಸ್ಮಸ್‌ಗೆ ತಯಾರಾಗುವ ಆಗಮನ ಕಾಲ, ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ. ಡಿಸೆಂಬರ್ 6ಕ್ಕೆ ಸಂತ ನಿಕೋಲಸ್. ಡಿಸೆಂಬರ್ 24ರ ಮಧ್ಯಾಹ್ನದಿಂದ 26ರ ತನಕ ಅಂಗಡಿ ಬಾಗಿಲು ಹಾಕಿರುತ್ತವೆ, ಭಾನುವಾರವೂ ಅಷ್ಟೇ. 23ಕ್ಕೇ ಅಕ್ಕಿ, ಹಾಲು ತಂದಿಟ್ಟುಕೊಳ್ಳಿ. 24ರ ಸಂಜೆ ಎಲ್ಲರೂ ಅವರವರ ಮನೆ ಸೇರುತ್ತಾರೆ, ಬೀದಿ ಖಾಲಿ. ಆ ಸಂಜೆ ಒಬ್ಬರೇ ರೂಮಿನಲ್ಲಿ ಇರಬೇಡಿ. ವೃದ್ಧರ ಮನೆಯ ಸಂಜೆ ಪಾಳಿಯನ್ನು ಕೇಳಿ ತೆಗೆದುಕೊಳ್ಳಿ. ಅಲ್ಲಿ ಮಕ್ಕಳು ಬಾರದ ಹಿರಿಯರು ಇರುತ್ತಾರೆ. ಗೋದಲಿ ಮುಂದೆ ನೀವು ಕನ್ನಡದಲ್ಲಿ ಒಂದು ಹಾಡು ಹೇಳಿದರೂ ಅವರಿಗೆ ಹಬ್ಬ.

ಜನವರಿ 6ರ ಆಸುಪಾಸಿನಲ್ಲಿ ಮಕ್ಕಳು ಮೂವರು ರಾಜರ ವೇಷ ಹಾಕಿ ಮನೆಮನೆಗೆ ಹಾಡುತ್ತಾ ಹೋಗುತ್ತಾರೆ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆಶೀರ್ವಾದ ಬರೆದು ಬಡ ಮಕ್ಕಳಿಗಾಗಿ ಕಾಣಿಕೆ ಕೂಡಿಸುತ್ತಾರೆ. 1959ರಿಂದ ದೇಶಾದ್ಯಂತ ಸಂಘಟಿತವಾಗಿ ನಡೆಯುತ್ತಿದೆ. ಮಕ್ಕಳ ಜೊತೆ ಹೋಗಲು ದೊಡ್ಡವರು ಬೇಕಾಗುತ್ತಾರೆ, ಮೊದಲೇ ಹೆಸರು ಕೊಡಿ. ಒಂದೇ ದಿನದಲ್ಲಿ ಊರಿನವರಿಗೆಲ್ಲ ನಿಮ್ಮ ಮುಖ ಪರಿಚಯ ಆಗುತ್ತದೆ. ಬ್ಯಾಗಿನಲ್ಲಿ ಒಂದು ಜೊತೆ ಒಣ ಕಾಲುಚೀಲ, ಫ್ಲಾಸ್ಕಿನಲ್ಲಿ ಬಿಸಿ ಚಹಾ ಇರಲಿ.

ಫೆಬ್ರವರಿ

ಹಬ್ಬ ಮುಗಿದಿರುತ್ತದೆ, ಹಿಮ ಕೊಳೆಯಾಗಿರುತ್ತದೆ, ವಸಂತ ಇನ್ನೂ ದೂರ. ಮನಸ್ಸು ಕುಗ್ಗುವುದು ಡಿಸೆಂಬರಿಗಿಂತ ಈಗಲೇ ಜಾಸ್ತಿ. ಎರಡು ವಾರ ಬಿಡದೆ ನಿದ್ದೆ ಜಾಸ್ತಿಯಾಗುವುದು ಅಥವಾ ಬಾರದೇ ಇರುವುದು, ಊಟ ಸೇರದಿರುವುದು, ಯಾರ ಮುಖವೂ ಬೇಡ ಅನಿಸುವುದು ಇದ್ದರೆ ಡಾಕ್ಟರಿಗೆ ಹೇಳಿ. ಇದು ನಂಬಿಕೆ ಕಮ್ಮಿಯಾದ ಲಕ್ಷಣ ಅಲ್ಲ. ಪ್ರಾರ್ಥನೆ ಬಿಡಬೇಡಿ, ಪ್ರಾರ್ಥನೆ ಇದೆ ಎಂದು ಡಾಕ್ಟರನ್ನೂ ಬಿಡಬೇಡಿ. ಮಾರ್ಗದರ್ಶಕರಿಗೆ "ನನಗೆ ಆಗ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಅಲ್ಲಿಯವರು ಮುಖ ನೋಡಿ ಊಹಿಸುವುದಿಲ್ಲ, ಹೇಳಿದರೆ ಮಾತ್ರ ಕೂಡಲೇ ದಾರಿ ಮಾಡುತ್ತಾರೆ.

ಮುಂದಿನವರಿಗೆ ಒಪ್ಪಿಸುವುದು

ಸೇವೆ ಮುಗಿಯುವ ಒಂದು ತಿಂಗಳು ಮುಂಚೆಯೇ ನೀವು ಭೇಟಿ ಮಾಡುವ ಹಿರಿಯರಿಗೆ ಹೊರಡುವ ದಿನಾಂಕ ಹೇಳಿ. ಕೊನೆಯ ವಾರ ಹೇಳಿದರೆ ಅವರಿಗೆ ಬಹಳ ನೋವಾಗುತ್ತದೆ. ಸಾಧ್ಯವಾದರೆ ಮುಂದೆ ಬರುವವರನ್ನು ಎರಡು ಸಲ ಜೊತೆಗೆ ಕರೆದುಕೊಂಡು ಹೋಗಿ. ಯಾರಿಗೆ ಯಾವ ಕಿವಿ ಕೇಳುತ್ತದೆ, ಯಾರಿಗೆ ಸಕ್ಕರೆ ಕೊಡಬಾರದು, ಯಾರು ಪ್ರಾರ್ಥನೆ ಕೇಳುತ್ತಾರೆ, ಯಾರು ಬರೀ ಇಸ್ಪೀಟು ಆಡಲು ಕಾಯುತ್ತಾರೆ ಎನ್ನುವುದನ್ನು ಹೇಳಿಕೊಡಿ. ಕೋಟು, ಕೈಗವಸು ಒಗೆದು ಒಣಗಿಸಿ ಅಲ್ಲೇ ಬಿಟ್ಟುಬನ್ನಿ, ಮುಂದಿನ ಅಕ್ಟೋಬರಿನಲ್ಲಿ ನಮ್ಮ ಕಡೆಯಿಂದ ಇನ್ನೊಬ್ಬರು ಅಲ್ಲಿಗೆ ಹೋಗುತ್ತಾರೆ. ಊರಿಗೆ ಬಂದ ಮೇಲೆ ಹೊರಡುವವರ ಜರ್ಮನ್ ಅಭ್ಯಾಸಕ್ಕೆ ವಾರದಲ್ಲಿ ಒಂದು ಸಂಜೆ ಕೊಡಿ.